ಬೈಪಾಸ್ ಆದವರು ಕೆಮ್ಮಬಾರದೇ? ಮಲಗಿಯೇ ಇರಬೇಕೇ?

ಬೈಪಾಸ್ ಮುಗಿಸಿಕೊಂಡು ಅಪ್ಪ ಮನೆಗೆ ಬಂದ ದಿನದಿಂದಲೇ ಸಲಹೆಗಳು ಶುರುವಾಗುತ್ತವೆ. ನೋಡಲು ಬಂದ ನೆಂಟರದ್ದು ಸ್ವಲ್ಪ, ಫ್ಯಾಮಿಲಿ ಗ್ರೂಪಿನ ಫಾರ್ವರ್ಡ್‌ಗಳದ್ದು ಇನ್ನಷ್ಟು. "ಮೂರು ತಿಂಗಳು ಹಾಸಿಗೆ ಬಿಟ್ಟು ಏಳಬಾರದು", "ಕೆಮ್ಮಿದರೆ ಹೊಲಿಗೆ ಬಿಚ್ಚುತ್ತದೆ", "ಮೊಟ್ಟೆ, ಬದನೆಕಾಯಿ ನಂಜು". ಎಲ್ಲವೂ ಕಾಳಜಿಯ ಮಾತುಗಳೇ. ಆದರೆ ಇವನ್ನು ಪಾಲಿಸಿದರೆ ಚೇತರಿಕೆ ನಿಧಾನವಾಗುತ್ತದೆ, ಕೆಲವೊಮ್ಮೆ ಅಪಾಯವೂ ಆಗುತ್ತದೆ.

ಹಾಸಿಗೆಯ ಸಲಹೆ ಎಲ್ಲಿಂದ ಬಂತು?

ಒಂದು ಕಾಲದಲ್ಲಿ ವೈದ್ಯರೇ ಹೀಗೆ ಹೇಳುತ್ತಿದ್ದರು. ಹೃದಯಾಘಾತ ಆದವರನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು. 1952ರಲ್ಲಿ ಅಮೆರಿಕದ ವೈದ್ಯರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್, ಇಂಥವರನ್ನು ಬೇಗ ಕುರ್ಚಿಯಲ್ಲಿ ಕೂರಿಸುವುದೇ ಒಳ್ಳೆಯದೆಂದು ಬರೆದರು. ಈಗ ಬೈಪಾಸ್ ಆದವರನ್ನೂ ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಎಬ್ಬಿಸಿ ನಡೆಸುತ್ತಾರೆ. ವೈದ್ಯರು ಹಳೆಯ ಸಲಹೆ ಬಿಟ್ಟು ದಶಕಗಳಾದರೂ ಮನೆಗಳಲ್ಲಿ ಅದು ಉಳಿದುಕೊಂಡಿದೆ.

ವಿಶ್ರಾಂತಿ ಬೇಕಿರುವುದು ಯಾವುದಕ್ಕೆ?

ಎದೆ ಮಧ್ಯದ ಮೂಳೆಗೆ. ಸಾಮಾನ್ಯವಾಗಿ ಅದನ್ನು ಉದ್ದಕ್ಕೆ ಸೀಳಿ, ಕೊನೆಯಲ್ಲಿ ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳಲು 6ರಿಂದ 8 ವಾರ ಬೇಕು. ಪೂರ್ತಿ ಗಟ್ಟಿಯಾಗಲು ಸುಮಾರು 3 ತಿಂಗಳು. ಅಲ್ಲಿಯವರೆಗೆ ತುಂಬಿದ ಬಿಂದಿಗೆ ಎತ್ತುವುದು, ಮೊಮ್ಮಗುವನ್ನು ಎತ್ತಿಕೊಳ್ಳುವುದು, ಕೈಯೂರಿ ಏಳುವುದು ಬೇಡ. ವೈದ್ಯರು ಹೇಳುವವರೆಗೆ ಸ್ಕೂಟರ್, ಕಾರು ಓಡಿಸುವುದೂ ಬೇಡ.

ಆದರೆ ಕಾಲಿಗೆ ಮತ್ತು ಶ್ವಾಸಕೋಶಕ್ಕೆ ಕೆಲಸ ಬೇಕು. ಸದಾ ಮಲಗಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಮೊದಲು ಮನೆಯೊಳಗೆ, ಆಮೇಲೆ ಸಮತಟ್ಟಾದ ರಸ್ತೆಯಲ್ಲಿ, ದಿನಕ್ಕಿಷ್ಟು ಎಂದು ನಡಿಗೆ ಹೆಚ್ಚಿಸುವುದು ಸರಿಯಾದ ಕ್ರಮ.

ಕೆಮ್ಮಿದರೆ ಹೊಲಿಗೆ ಬಿಚ್ಚುತ್ತದೆಯೇ?

ನೋವಿಗೆ ಹೆದರಿ ಮೇಲುಸಿರು ಬಿಡುತ್ತಿದ್ದರೆ ಶ್ವಾಸಕೋಶದ ಕೆಳಭಾಗ ಸರಿಯಾಗಿ ಹಿಗ್ಗುವುದಿಲ್ಲ. ಅಲ್ಲಿ ಕಫ ನಿಂತು ನ್ಯುಮೋನಿಯಾ ಆಗಬಹುದು. ಅದಕ್ಕೇ ಮೂರು ಚೆಂಡಿನ ಊದುಕೊಳವೆಯಂಥ ಸಾಧನ ಕೊಟ್ಟು ಮನೆಗೆ ಕಳಿಸುತ್ತಾರೆ. ಅದನ್ನು ಊದುವುದಲ್ಲ, ಉಸಿರನ್ನು ಒಳಗೆಳೆದು ಚೆಂಡು ಏರಿಸಬೇಕು. ಕೆಮ್ಮು ಬಂದಾಗ ತಡೆಯಬೇಡಿ. ದಿಂಬನ್ನು ಎದೆಗೆ ಗಟ್ಟಿಯಾಗಿ ಅವುಚಿಕೊಂಡು ಕೆಮ್ಮಿದರೆ ನೋವು ಕಡಿಮೆ, ಮೂಳೆಗೂ ಆಧಾರ.

ನಂಜು, ಅರಿಶಿನ, ಕಷಾಯ

ಮೊಟ್ಟೆ, ಬದನೆಕಾಯಿ ತಿಂದರೆ ಗಾಯ ಕೀವಾಗುತ್ತದೆ ಎನ್ನಲು ವೈಜ್ಞಾನಿಕ ಆಧಾರವಿಲ್ಲ. ಕೀವಾಗುವುದು ಬ್ಯಾಕ್ಟೀರಿಯಾದಿಂದ, ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ ಅದಕ್ಕೆ ದಾರಿ ಮಾಡಿಕೊಡುತ್ತದೆ. ಗಾಯ ಮಾಯಲು ಪ್ರೋಟೀನ್ ಬೇಕು. ಬೇಳೆ, ಮೊಸರು, ಮೊಟ್ಟೆ ಎಲ್ಲವನ್ನೂ ನಿಲ್ಲಿಸಿ ಬರೀ ಗಂಜಿ ಕೊಟ್ಟರೆ ರೋಗಿ ಸೊರಗುತ್ತಾರೆ. ಗಾಯದ ಮೇಲೆ ಅರಿಶಿನ, ಎಣ್ಣೆ ಹಚ್ಚಬೇಡಿ.

ಎಲ್ಲಕ್ಕಿಂತ ಅಪಾಯಕಾರಿ, "ಮಾತ್ರೆ ಬಿಡಿ, ಈ ಕಷಾಯ ಕುಡಿಯಿರಿ" ಎನ್ನುವ ಸಂದೇಶ. ಆಸ್ಪಿರಿನ್‌ನಂಥ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಹೊಸದಾಗಿ ಜೋಡಿಸಿದ ರಕ್ತನಾಳವೇ ಮುಚ್ಚಿಕೊಳ್ಳಬಹುದು.

ಯಾವಾಗ ತಡಮಾಡಬಾರದು?

100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಗಾಯದಿಂದ ಕೀವು ಅಥವಾ ನೀರು ಸೋರುವುದು, ಅಲುಗಾಡಿದಾಗ ಎದೆಮೂಳೆ ಕಟಕಟ ಎನ್ನುವುದು, ಒಂದೆರಡು ದಿನದಲ್ಲೇ ತೂಕ ಏರುವುದು, ಒಂದೇ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು: ಇವುಗಳಲ್ಲಿ ಯಾವುದಿದ್ದರೂ ಅಂದೇ ಆಸ್ಪತ್ರೆಗೆ ಫೋನ್ ಮಾಡಿ. ಎದೆನೋವು, ಜೋರು ಏದುಸಿರು, ಪ್ರಜ್ಞೆ ತಪ್ಪುವುದು ಕಂಡರೆ 108ಕ್ಕೆ ಕರೆ ಮಾಡಿ.

ಮುಂದಿನ ಸಲ ಗ್ರೂಪಿನಲ್ಲಿ ಇಂಥ ಸಲಹೆ ಬಂದರೆ, ಆಸ್ಪತ್ರೆಯವರು ಕೊಟ್ಟ ಡಿಸ್ಚಾರ್ಜ್ ಹಾಳೆಯನ್ನು ಮೊದಲು ತೆಗೆದು ಓದಿ. ಅದು ನಿಮ್ಮ ಅಪ್ಪನನ್ನು ನೋಡಿ ಬರೆದದ್ದು. ಫಾರ್ವರ್ಡ್ ಬರೆದವರು ಅವರನ್ನು ನೋಡಿಲ್ಲ.