ಬದುವಿನ ಹೂವು ಕಸವಲ್ಲ: ಕಪ್ಪತಗುಡ್ಡದ ದಾರಿಯಲ್ಲಿ ಕಂಡಿದ್ದು

ಕಳೆದ ವರ್ಷ ನನ್ನ ಅರ್ಧ ಎಕರೆ ಬದನೆಯಲ್ಲಿ ಹೂವಿಗೇನೂ ಕಡಿಮೆ ಇರಲಿಲ್ಲ, ಕಾಯಿ ಮಾತ್ರ ಸರಿಯಾಗಿ ಕಚ್ಚಲಿಲ್ಲ. ಅಂಗಡಿಯಲ್ಲಿ ಕೊಟ್ಟ ಟಾನಿಕ್ ಎರಡು ಸಲ ಹೊಡೆದೆ. ದುಡ್ಡು ಹೋಯ್ತು, ಹೂವು ಉದುರೋದು ನಿಲ್ಲಲಿಲ್ಲ. ನಾನು ಎಲ್ಲಿ ಎಡವಿದೆ ಅನ್ನೋ ಸುಳಿವು ಸಿಕ್ಕಿದ್ದು ಹೊಲದಲ್ಲಲ್ಲ, ಕಪ್ಪತಗುಡ್ಡದಲ್ಲಿ.

ಗದಗ ಜಿಲ್ಲೆಯ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದ ಜಾಗ. ಗಣಿಗಾರಿಕೆ ಬೇಡ ಅಂತ ಜನ ಹೋರಾಡಿ ಉಳಿಸಿಕೊಂಡ ಗುಡ್ಡ. 2019ರಲ್ಲಿ ಸುಮಾರು 244 ಚದರ ಕಿ.ಮೀ. ಪ್ರದೇಶವನ್ನು ವನ್ಯಜೀವಿಧಾಮ ಎಂದು ಘೋಷಿಸಲಾಯಿತು. ಮಳೆಗಾಲ ಮುಗಿಯೋ ಹೊತ್ತಿಗೆ ನಾನು, ನಮ್ಮ ಕಾಕಾ ಗಾಳಿಗುಂಡಿ ಬಸವಣ್ಣನ ದರ್ಶನಕ್ಕೆ ಹೋಗಿದ್ವಿ. ಗಾಡಿ ನಿಲ್ಲಿಸಿ ಬೆಳಿಗ್ಗೆ ಒಂದು ಕಿಲೋಮೀಟರ್ ಅಷ್ಟೇ ನಡೆದಿರಬಹುದು. ದಾರಿ ಪಕ್ಕ ಬಿಳಿ ತುಂಬೆ ಹೂವು, ನೆಲಕ್ಕೆ ಅಂಟಿಕೊಂಡ ನೀಲಿ ವಿಷ್ಣುಕ್ರಾಂತಿ, ಹಳದಿ ತುಂಬಿ ನಿಂತ ತಂಗಡಿ. ವಿಷ್ಣುಕ್ರಾಂತಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತೆ, ಅದಕ್ಕೇ ಬೆಳಿಗ್ಗೆನೇ ಹೋಗಬೇಕು.

ತಂಗಡಿ ಹೂವಿನ ಮೇಲೆ ದೊಡ್ಡ ಕಪ್ಪು ದುಂಬಿಯೊಂದು ಕೂತು ‘ಗುಂಯ್’ ಅಂತ ಜೋರಾಗಿ ಸದ್ದು ಮಾಡ್ತಿತ್ತು. ನಾನು ಮೊಬೈಲಲ್ಲಿ ವಿಡಿಯೊ ಮಾಡ್ತಾ ಇದ್ದೆ. ಕಾಕಾ ಅಂದ್ರು, “ಮೊದಲ ನಮ್ಮ ಒಡ್ಡಿನ ಮ್ಯಾಲೂ ಇವು ಬರ್ತಿದ್ವು ತಮ್ಮಾ. ನೀ ಔಷಧ ಹೊಡದ ಮ್ಯಾಲ ಒಂದೂ ಕಂಡಿಲ್ಲ.”

ಮಾತು ಚುಚ್ಚಿತು. ನಿಜವೂ ಆಗಿತ್ತು. ಕೂಲಿ ಉಳಿಸೋಕೆ ನಾನು ಎರಡು ವರ್ಷದಿಂದ ಬದುವಿಗೆಲ್ಲ ಕಳೆನಾಶಕ ಹೊಡೆಯುತ್ತಿದ್ದೆ.

ಆ ಸದ್ದಿನ ಹಿಂದೆ ಒಂದು ಕೆಲಸ ಇದೆ. ತಂಗಡಿಯ ಪರಾಗ ಮುಚ್ಚಿದ ಚೀಲದಂಥ ಕೇಸರದೊಳಗೆ ಇರುತ್ತೆ, ತುದಿಯಲ್ಲಿ ಸಣ್ಣ ರಂಧ್ರ ಮಾತ್ರ. ದುಂಬಿ ಹೂವನ್ನು ಹಿಡಿದು ಮೈ ನಡುಗಿಸಿದಾಗ ಪರಾಗ ಉದುರುತ್ತೆ. ಬದನೆ, ಟೊಮೆಟೊ ಹೂವಿನ ರಚನೆಯೂ ಹೀಗೇ. ಗಾಳಿಗೆ ಅಲುಗಾಡಿ ಒಂದಷ್ಟು ಕಾಯಿ ಕಚ್ಚುತ್ತೆ, ಆದರೆ ದುಂಬಿ ಬಂದರೆ ಕಚ್ಚೋದು ಹೆಚ್ಚು. ನಾವು ಪೆಟ್ಟಿಗೆಯಲ್ಲಿ ಸಾಕೋ ಜೇನಿಗೆ ಹೀಗೆ ನಡುಗಿಸೋ ವಿದ್ಯೆ ಬರಲ್ಲ. ಇದು ಕಾಡು ದುಂಬಿಗಳ ಕೆಲಸ. ಅವುಗಳಲ್ಲಿ ಕೆಲವು ಒಣ ಮರದಲ್ಲಿ, ಕೆಲವು ಮಣ್ಣಿನ ದಿಬ್ಬದಲ್ಲಿ ಗೂಡು ಮಾಡುತ್ತವೆ. ಅಂದರೆ ನಮ್ಮ ಬದುವೇ ಅವುಗಳ ಮನೆ, ಬದುವಿನ ಹೂವೇ ಊಟ.

ನನ್ನ ಬದನೆ ಕೈಕೊಟ್ಟಿದ್ದು ಇದೊಂದೇ ಕಾರಣಕ್ಕೆ ಅಂತ ಹೇಳಲ್ಲ. ಬಿಸಿಲು, ನೀರು, ಗೊಬ್ಬರ ಎಲ್ಲವೂ ಸೇರುತ್ತೆ. ಬದನೆಯಲ್ಲಿ ಗಿಡ್ಡ ಶಲಾಕೆಯ ಹೂವು ಹೇಗಿದ್ದರೂ ಉದುರುತ್ತೆ. ಆದರೆ ಟಾನಿಕ್‌ಗೆ ದುಡ್ಡು ಸುರಿದು, ಪುಕ್ಕಟೆ ಕೆಲಸ ಮಾಡೋರನ್ನ ನಾವೇ ಓಡಿಸೋದು ಯಾವ ಲೆಕ್ಕ?

“ಬದು ಬಿಟ್ಟರೆ ಕಳೆ ಹೊಲಕ್ಕೆ ಬರಲ್ವಾ?” ಅಂತ ಕೇಳ್ತೀರಿ. ಬರುತ್ತೆ. ಅದಕ್ಕೇ ಎಲ್ಲವನ್ನೂ ಬಿಡಿ ಅನ್ನಲ್ಲ. ಪಾರ್ಥೇನಿಯಂ ಹೂ ಬಿಡೋ ಮೊದಲೇ ಕಿತ್ತುಹಾಕಿ, ಹಿಟ್ಟುತಿಗಣೆ ಕಂಡ ಗಿಡ ತೆಗೆಯಿರಿ. ತುಂಬೆ, ವಿಷ್ಣುಕ್ರಾಂತಿ, ತಂಗಡಿ ಇದ್ದರೆ ಉಳಿಸಿ. ಉಳಿದ ಹುಲ್ಲನ್ನು ಕುಡುಗೋಲಿನಿಂದ ಕೊಯ್ದರೆ ದನಕ್ಕೆ ಮೇವೂ ಆಯ್ತು. ಬೆಳೆಗೆ ಕೀಟನಾಶಕ ಹೊಡೆಯಲೇಬೇಕಾದರೆ ಸಂಜೆ, ದುಂಬಿ ಹಾರಾಟ ನಿಂತ ಮೇಲೆ ಹೊಡೆಯಿರಿ.

ಕಪ್ಪತಗುಡ್ಡಕ್ಕೆ ಹೋದರೆ ದಾರಿ ಬಿಟ್ಟು ಒಳಗೆ ನುಗ್ಗಬೇಡಿ. ಹೂವು, ಬೀಜ, ಬೇರು ಯಾವುದನ್ನೂ ಕಿತ್ತು ತರಬೇಡಿ, ಅದು ಸಂರಕ್ಷಿತ ಪ್ರದೇಶ. ತಂಗಡಿ ಬೀಜ ಬೇಕಾದರೆ ನಿಮ್ಮೂರ ರಸ್ತೆ ಪಕ್ಕದಲ್ಲೇ ಸಿಗುತ್ತೆ.

ಈ ಸಲ ಒಂದು ಬದುವಿಗೆ ನಾನು ಔಷಧ ಹೊಡೆದಿಲ್ಲ. ನೀವೂ ಒಂದೇ ಒಂದು ಬದು ಬಿಟ್ಟು ನೋಡಿ. ಹೂವಾದ ಮೇಲೆ ಬೆಳಿಗ್ಗೆ ಹತ್ತು ನಿಮಿಷ ಅಲ್ಲಿ ನಿಂತು, ಎಷ್ಟು ಬಗೆಯ ದುಂಬಿ ಬಂತು ಅಂತ ಎಣಿಸಿ.