ಕೊನೆಯ 20 ನಿಮಿಷ ನಿಧಾನವಾಗಿ ಹೇಳಿ

ಚಂದ್ರಯಾನ-3ರ ಬಗ್ಗೆ ಬರೆಯಿರಿ ಎಂದರೆ ನಿಮ್ಮಲ್ಲಿ ಹೆಚ್ಚಿನವರು ಹೀಗೆ ಬರೆಯುತ್ತೀರಿ: 2023ರ ಜುಲೈ 14ರಂದು ಹಾರಿತು, ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿಯಿತು, ದೇಶಕ್ಕೆ ಹೆಮ್ಮೆ. ಮಾಹಿತಿಯೇನೋ ಸರಿ. ಆದರೆ ಓದಿದವರ ಎದೆ ಒಂದು ಸಲವಾದರೂ ಢವಢವ ಅನ್ನುತ್ತದಾ?

"ಕೊನೆಗೆ ಏನಾಯ್ತು ಅಂತ ಎಲ್ಲರಿಗೂ ಗೊತ್ತಲ್ಲ, ಇನ್ನೆಲ್ಲಿಯ ಕುತೂಹಲ?" ಎಂದು ನೀವು ಕೇಳಬಹುದು. ಕಾಸರಗೋಡಿನ ಕಡೆ ಯಕ್ಷಗಾನ ನೋಡುವವರಿಗೂ ಕಥೆಯ ಕೊನೆ ಮೊದಲೇ ಗೊತ್ತು. ಆದರೂ ಯುದ್ಧದ ಹೊತ್ತಿಗೆ ಚೆಂಡೆಯ ಪೆಟ್ಟು ಏರಿದರೆ ತೂಕಡಿಸುವವರೂ ಎದ್ದು ಕೂರುತ್ತಾರೆ. ಕೊನೆಯನ್ನು ಮುಚ್ಚಿಡಬೇಕಾಗಿಲ್ಲ. ಎಲ್ಲಿ ಏನು ಕೈಕೊಡಬಹುದು ಎಂಬುದು ಓದುಗನಿಗೆ ಗೊತ್ತಿದ್ದರೆ ಸಾಕು.

ಅದಕ್ಕೇ ಮೊದಲು 2019ರ ಕಥೆ ಹೇಳಿ. ಆ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ಇಳಿಯುತ್ತಿತ್ತು. ಎತ್ತರ ಸುಮಾರು 2.1 ಕಿ.ಮೀ.ಗಿಂತ ಕಡಿಮೆಯಾದ ಮೇಲೆ ಸಂಪರ್ಕ ಕಡಿದುಹೋಯಿತು. ಇದು ಗೊತ್ತಿದ್ದವನು 2023ರ ಕಥೆಯಲ್ಲಿ ಅದೇ ಎತ್ತರ ಬಂದಾಗ ತಾನಾಗಿಯೇ ಉಸಿರು ಬಿಗಿಹಿಡಿಯುತ್ತಾನೆ.

ಇನ್ನು ಕಥೆಯ ಓಟ. 40 ದಿನಗಳ ಪಯಣವನ್ನು ಎರಡು ವಾಕ್ಯದಲ್ಲಿ ಮುಗಿಸಿ. ಕೊನೆಯ ಸುಮಾರು 20 ನಿಮಿಷಕ್ಕೆ ಅರ್ಧ ಪುಟ ಕೊಡಿ. ಎತ್ತರ ಸುಮಾರು 30 ಕಿ.ಮೀ., ವೇಗ ಸೆಕೆಂಡಿಗೆ ಸುಮಾರು 1.68 ಕಿ.ಮೀ. ಪ್ಯಾರಾಚೂಟ್ ಬಿಚ್ಚೋಣವೆಂದರೆ ಅಲ್ಲಿ ಗಾಳಿಯೇ ಇಲ್ಲ. ಎಂಜಿನ್ ಉರಿಸಿಯೇ ವೇಗ ತಗ್ಗಿಸಬೇಕು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಕೂತವರು ಪರದೆ ನೋಡುತ್ತಿರಬೇಕು ಅಷ್ಟೆ. ಲೆಕ್ಕ, ನಿರ್ಧಾರ ಎಲ್ಲವೂ ನೌಕೆಯದೇ. ನೆಲದಿಂದ ಸುಮಾರು 150 ಮೀಟರ್ ಮೇಲೆ ಅದು ನಿಲ್ಲುತ್ತದೆ. ಕೆಳಗೆ ಗುಂಡಿ ಇದೆಯೇ, ಬಂಡೆ ಇದೆಯೇ ಎಂದು ನೋಡುತ್ತದೆ. ಇಲ್ಲಿ ನೀವೂ ಸ್ವಲ್ಪ ನಿಲ್ಲಿ. ಆಮೇಲೆ ಒಂದೇ ಪದ ಸಾಕು: ಇಳಿಯಿತು.

ಆದರೆ ರೋಚಕವಾಗಲಿ ಎಂದು ನಡೆಯದ್ದನ್ನು ಸೇರಿಸಬೇಡಿ. "ಇನ್ನೇನು ಬಿದ್ದೇ ಹೋಯ್ತು" ಎಂಬ ಒಂದು ಸುಳ್ಳು ಸಿಕ್ಕಿಬಿದ್ದರೆ ನಿಮ್ಮ ನಿಜವಾದ ಅಂಕಿಗಳನ್ನೂ ಯಾರೂ ನಂಬುವುದಿಲ್ಲ. ಇದ್ದ ಅಪಾಯವೇ ಸಾಕಷ್ಟಿದೆ.

ಶಾಲೆಯ ಪ್ರಯೋಗದ ವರದಿಗೂ ಈ ಮಾತು ಸಲ್ಲುತ್ತದೆ. ಹೆಸರುಕಾಳು ಮೊಳಕೆಯೊಡೆಯಿತು ಎಂದಷ್ಟೇ ಬರೆದು ನಿಲ್ಲಿಸಬೇಡಿ. ಮೊದಲ ದಿನ ಏನೂ ಕಾಣದಿದ್ದರೆ ಅದನ್ನೂ ಬರೆಯಿರಿ. ಏಕೆ ಎಂದು ಏನು ಊಹಿಸಿದಿರಿ, ಏನು ಬದಲಾಯಿಸಿದಿರಿ ಎಂಬುದನ್ನೂ ಬರೆಯಿರಿ. ಫಲಿತಾಂಶ ಮಾತ್ರ ಹೇಳಿದರೆ, ವಿಜ್ಞಾನವೆಂದರೆ ಪುಸ್ತಕದಲ್ಲಿ ಮೊದಲೇ ಸಿದ್ಧವಾಗಿರುವ ಉತ್ತರ ಎಂದು ನಿಮ್ಮ ತಮ್ಮ ತಂಗಿಯರು ತಿಳಿದುಬಿಡುತ್ತಾರೆ. ಉತ್ತರ ಸಿಗುವ ಮೊದಲು ಕಾದ ಹೊತ್ತೂ ವಿಜ್ಞಾನವೇ.