ಲಸಿಕೆಯಲ್ಲಿ ಬ್ಯಾಕ್ಟೀರಿಯಾದಿಂದ ತೆಗೆದ ಡಿಎನ್‌ಎ ಇದೆಯಂತೆ, ನಿಜವೇ? ಪ್ಲಾಸ್ಮಿಡ್ ಶುದ್ಧೀಕರಣ ಹೇಗೆ ನಡೆಯುತ್ತದೆ?

"ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಲಸಿಕೆಯ ಹೆಸರಿನಲ್ಲಿ ಮೈಗೆ ಸೇರಿಸುತ್ತಿದ್ದಾರೆ, ಇದರಿಂದ ನಮ್ಮ ಡಿಎನ್‌ಎ ಬದಲಾಗುತ್ತದೆ." ಕೋವಿಡ್ ಕಾಲದಲ್ಲಿ ಇಂಥ ಅರ್ಥದ ಸಂದೇಶಗಳು ಮನೆಮಂದಿಯ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿದವು. ಇದರಲ್ಲಿ ಒಂದು ಎಳೆ ನಿಜ, ಉಳಿದದ್ದು ಹೆದರಿಕೆ. ಎರಡನ್ನೂ ಬಿಡಿಸಿ ನೋಡೋಣ.

ನಿಜ ಯಾವುದು?

ಅಹಮದಾಬಾದಿನ ಝೈಡಸ್ ಕ್ಯಾಡಿಲಾ ಕಂಪನಿಯ ಝೈಕೋವ್-ಡಿ ಲಸಿಕೆಗೆ 2021ರ ಆಗಸ್ಟ್ 20ರಂದು ಭಾರತದಲ್ಲಿ ತುರ್ತು ಬಳಕೆಯ ಅನುಮತಿ ಸಿಕ್ಕಿತು. ಮನುಷ್ಯರ ಬಳಕೆಗೆ ಅನುಮತಿ ಪಡೆದ ಜಗತ್ತಿನ ಮೊದಲ ಪ್ಲಾಸ್ಮಿಡ್ ಡಿಎನ್‌ಎ ಲಸಿಕೆ ಅದು. 12 ವರ್ಷ ದಾಟಿದವರಿಗೆ, ಸೂಜಿಯಿಲ್ಲದ ಸಾಧನದಿಂದ 3 ಡೋಸ್ ಕೊಡುವಂಥದ್ದು. ಅದರಲ್ಲಿರುವ ಡಿಎನ್‌ಎಯನ್ನು ಬೆಳೆಸುವುದು ಬ್ಯಾಕ್ಟೀರಿಯಾದೊಳಗೇ. ಹಾಗಾದರೆ ಬ್ಯಾಕ್ಟೀರಿಯಾವೂ ಜೊತೆಗೆ ಬರುತ್ತದೆಯೇ? ಉತ್ತರ ಪ್ರಯೋಗಾಲಯದಲ್ಲಿದೆ.

ಪ್ಲಾಸ್ಮಿಡ್ ಎಂದರೇನು?

ಬ್ಯಾಕ್ಟೀರಿಯಾಕ್ಕೆ ಒಂದು ದೊಡ್ಡ, ಮುಖ್ಯ ಡಿಎನ್‌ಎ ಇರುತ್ತದೆ. ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ಅದರ ಉದ್ದ ಸುಮಾರು 46 ಲಕ್ಷ ಅಕ್ಷರಜೋಡಿಗಳು. ಇದಲ್ಲದೆ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಬಳೆಯಾಕಾರದ ಪುಟ್ಟ ಡಿಎನ್‌ಎ ತುಂಡುಗಳೂ ಇರುತ್ತವೆ. ಅವೇ ಪ್ಲಾಸ್ಮಿಡ್. ಲ್ಯಾಬ್‌ನಲ್ಲಿ ಬಳಸುವವು ಹೆಚ್ಚಾಗಿ ಕೆಲವೇ ಸಾವಿರ ಅಕ್ಷರಜೋಡಿಗಳಷ್ಟು. ವಿಜ್ಞಾನಿಗಳು ಇವುಗಳಲ್ಲಿ ತಮಗೆ ಬೇಕಾದ ಜೀನ್ ಸೇರಿಸಿ, ಬ್ಯಾಕ್ಟೀರಿಯಾದೊಳಗೆ ಬಿಟ್ಟು ಲಕ್ಷಾಂತರ ಪ್ರತಿಗಳನ್ನು ಮಾಡಿಸಿಕೊಳ್ಳುತ್ತಾರೆ.

ಹೊರತೆಗೆಯುವುದು ಹೇಗೆ?

ರಾಮನಗರ, ಕನಕಪುರ, ಮಾಗಡಿ ಕಡೆಯವರಿಗೆ ರೇಷ್ಮೆ ನೂಲು ಬಿಚ್ಚುವುದು ಹೊಸದಲ್ಲ. ಗೂಡನ್ನು ಬಿಸಿನೀರಿಗೆ ಹಾಕಿ ಅಂಟನ್ನು ಸಡಿಲಿಸುತ್ತಾರೆ, ನೂಲು ಹೊರಬರುತ್ತದೆ, ಹುಳು ಹಿಂದೆ ಉಳಿಯುತ್ತದೆ. ರೇಷ್ಮೆ ಸೀರೆ ಉಟ್ಟವರು ಹುಳುವನ್ನು ಉಟ್ಟಂತಲ್ಲ. ಪ್ಲಾಸ್ಮಿಡ್ ತೆಗೆಯುವುದೂ ಹೀಗೆಯೇ, ಬೇಕಾದ್ದನ್ನು ಉಳಿಸಿ ಬೇಡದ್ದನ್ನು ಬಿಡುವ ಕೆಲಸ.

1. ಇ. ಕೋಲಿಯನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೌಷ್ಟಿಕ ದ್ರವದಲ್ಲಿ ರಾತ್ರಿಯಿಡೀ ಬೆಳೆಸುತ್ತಾರೆ. ದ್ರವಕ್ಕೆ ಆ್ಯಂಟಿಬಯೋಟಿಕ್ ಸೇರಿಸಿರುವುದರಿಂದ ಪ್ಲಾಸ್ಮಿಡ್ ಇರುವ ಕೋಶಗಳು ಮಾತ್ರ ಬದುಕುತ್ತವೆ. ಅಲರ್ಜಿಯ ಅಪಾಯ ಇರುವುದರಿಂದ ಲಸಿಕೆ ತಯಾರಿಯಲ್ಲಿ ಪೆನಿಸಿಲಿನ್ ಜಾತಿಯ ಔಷಧಿಗಳನ್ನು ದೂರ ಇಡುತ್ತಾರೆ.

2. ವೇಗವಾಗಿ ತಿರುಗುವ ಯಂತ್ರದಲ್ಲಿ ಹಾಕಿ ಕೋಶಗಳನ್ನು ತಳಕ್ಕೆ ಇಳಿಸುತ್ತಾರೆ. ಅವಕ್ಕೆ ಕ್ಷಾರ ಮತ್ತು ಎಸ್‌ಡಿಎಸ್ ಎಂಬ ಮಾರ್ಜಕ ಸೇರಿಸುತ್ತಾರೆ. ಹಲವು ಟೂತ್‌ಪೇಸ್ಟ್‌ಗಳ ನೊರೆಗೆ ಕಾರಣವಾಗುವ ರಾಸಾಯನಿಕವೂ ಇದೇ. ಕೋಶಗಳು ಒಡೆಯುತ್ತವೆ. ಬ್ಯಾಕ್ಟೀರಿಯಾ ಸಾಯುವುದು ಇಲ್ಲಿಯೇ.

3. ಕ್ಷಾರದಲ್ಲಿ ಡಿಎನ್‌ಎಯ ಎರಡು ಎಳೆಗಳು ಬಿಚ್ಚಿಕೊಳ್ಳುತ್ತವೆ. ನಂತರ ಆಮ್ಲೀಯವಾದ ಪೊಟ್ಯಾಷಿಯಂ ಅಸಿಟೇಟ್ ಹಾಕುತ್ತಾರೆ. ಪ್ಲಾಸ್ಮಿಡ್‌ನ ಎಳೆಗಳು ಒಂದರೊಳಗೊಂದು ಸಿಕ್ಕಿಸಿದ ಎರಡು ಚನ್ನಪಟ್ಟಣದ ಮರದ ಬಳೆಗಳಂತೆ. ಬಿಚ್ಚಿದರೂ ದೂರ ಹೋಗಲಾರವು, ತಕ್ಷಣ ಮತ್ತೆ ಜೋಡಿಯಾಗುತ್ತವೆ. ಉದ್ದದ ಮುಖ್ಯ ಡಿಎನ್‌ಎಗೆ ಅಷ್ಟು ಬೇಗ ಜೋಡಿ ಸಿಗದೆ ಸಿಕ್ಕುಸಿಕ್ಕಾಗಿ, ಪ್ರೋಟೀನಿನ ಜೊತೆ ಬಿಳಿ ಮೊಸರಿನಂತೆ ಗಟ್ಟಿಯಾಗುತ್ತದೆ. ಅದನ್ನು ಬೇರ್ಪಡಿಸಿ ಎಸೆಯುತ್ತಾರೆ.

4. ಉಳಿದ ತಿಳಿಯನ್ನು ಸಿಲಿಕಾ ಪದರದ ಮೂಲಕ ಹಾಯಿಸುತ್ತಾರೆ. ಪ್ಲಾಸ್ಮಿಡ್ ಅದಕ್ಕೆ ಅಂಟುತ್ತದೆ. ಕೊಳೆಯನ್ನು ಆಲ್ಕೋಹಾಲಿನಿಂದ ತೊಳೆದು, ಕೊನೆಗೆ ನೀರಿನಲ್ಲಿ ಪ್ಲಾಸ್ಮಿಡ್ ಇಳಿಸಿಕೊಳ್ಳುತ್ತಾರೆ.

ಈ ಕ್ಷಾರ ವಿಧಾನವನ್ನು ಬರ್ನ್‌ಬಾಯ್ಮ್ ಮತ್ತು ಡಾಲಿ 1979ರಲ್ಲಿ ಪ್ರಕಟಿಸಿದರು. ಇಂದು ಜೀವತಂತ್ರಜ್ಞಾನ ಓದುವ ವಿದ್ಯಾರ್ಥಿಗಳೂ ಇದನ್ನು ಕಲಿಯುತ್ತಾರೆ. ಎರಡನೇ ಹಂತದಲ್ಲಿ ಜೋರಾಗಿ ಕುಲುಕಬಾರದು ಎನ್ನುವುದು ಮೊದಲ ಪಾಠ. ಕುಲುಕಿದರೆ ಮುಖ್ಯ ಡಿಎನ್‌ಎ ತುಂಡಾಗಿ ಪ್ಲಾಸ್ಮಿಡ್ ಜೊತೆ ಬೆರೆತುಬಿಡುತ್ತದೆ.

ಅಂದರೆ ಕಲಬೆರಕೆ ಸಾಧ್ಯವೇ?

ಸಾಧ್ಯ. ಅದಕ್ಕೇ ಅಳತೆ ಬೇಕು. ಮಾದರಿಯ ಮೂಲಕ ನೇರಳಾತೀತ ಬೆಳಕು ಹಾಯಿಸಿ, 260 ಮತ್ತು 280 ನ್ಯಾನೋಮೀಟರ್‌ನಲ್ಲಿ ಅದು ಎಷ್ಟು ಹೀರಲ್ಪಡುತ್ತದೆ ಎಂದು ನೋಡುತ್ತಾರೆ. ಈ ಎರಡರ ಅನುಪಾತ ಸುಮಾರು 1.8 ಇದ್ದರೆ ಪ್ರೋಟೀನಿನ ಬೆರಕೆ ಇಲ್ಲವೆನ್ನುವಷ್ಟು ಕಡಿಮೆ ಎಂದರ್ಥ. ಆದರೆ ವಿದ್ಯಾರ್ಥಿಯ ಪ್ರಯೋಗಕ್ಕೆ ಸಾಕಾದ ಶುದ್ಧತೆ ಲಸಿಕೆಗೆ ಸಾಲದು. ಬ್ಯಾಕ್ಟೀರಿಯಾದ ಹೊರಪೊರೆಯಿಂದ ಬರುವ ಎಂಡೋಟಾಕ್ಸಿನ್ ಜ್ವರ ತರಿಸಬಲ್ಲದು. ಆದ್ದರಿಂದ ಲಸಿಕೆಯಲ್ಲಿ ಎಂಡೋಟಾಕ್ಸಿನ್, ಮುಖ್ಯ ಡಿಎನ್‌ಎ, ಆರ್‌ಎನ್‌ಎ, ಪ್ರೋಟೀನ್ ಇವೆಲ್ಲ ಎಷ್ಟು ಉಳಿದಿವೆ ಎಂದು ಬೇರೆಬೇರೆಯಾಗಿ ಪರೀಕ್ಷಿಸಿ, ನಿಗದಿತ ಮಿತಿಯೊಳಗಿದ್ದರೆ ಮಾತ್ರ ಆ ಬ್ಯಾಚ್ ಹೊರಗೆ ಹೋಗಬೇಕು.

ನಮ್ಮ ಡಿಎನ್‌ಎ ಬದಲಾಗುತ್ತದೆಯೇ?

ಪ್ಲಾಸ್ಮಿಡ್ ಕೋಶದ ನ್ಯೂಕ್ಲಿಯಸ್ ಒಳಗೆ ಹೋಗುವುದು ನಿಜ. ವೈರಸ್ಸಿನ ಪ್ರೋಟೀನ್ ತಯಾರಾಗಲು ಅದು ಹೋಗಲೇಬೇಕು. ಆದರೆ ನಮ್ಮ ಡಿಎನ್‌ಎಯನ್ನು ಕತ್ತರಿಸಿ ಒಳಸೇರುವ ಉಪಕರಣ ಅದರ ಬಳಿ ಇಲ್ಲ. ಅಕಸ್ಮಾತ್ ಸೇರುವ ಸಾಧ್ಯತೆ ತೀರಾ ಕಡಿಮೆ. ಅದು ಪೂರ್ತಿ ಸೊನ್ನೆ ಎಂದು ಯಾರೂ ಸುಮ್ಮನೆ ನಂಬಿ ಕೂರುವುದಿಲ್ಲ. ಇಂಥ ಲಸಿಕೆಗಳ ಸುರಕ್ಷತಾ ಪರೀಕ್ಷೆಯಲ್ಲಿ ಅದನ್ನೂ ನೋಡಲಾಗುತ್ತದೆ.

ಬ್ಯಾಕ್ಟೀರಿಯಾದ ಹೆಸರು ಕೇಳಿದ ಮಾತ್ರಕ್ಕೆ ಹೆದರಬೇಕಿಲ್ಲ. ಇ. ಕೋಲಿಯಲ್ಲಿ ಪ್ಲಾಸ್ಮಿಡ್ ಬಳಸಿ ತಯಾರಿಸಿದ ಮಾನವ ಇನ್ಸುಲಿನ್‌ಗೆ ಅಮೆರಿಕದಲ್ಲಿ 1982ರಲ್ಲೇ ಅನುಮತಿ ಸಿಕ್ಕಿತ್ತು. ಅದಕ್ಕೂ ಮೊದಲು ಸಕ್ಕರೆ ಕಾಯಿಲೆಯವರು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್ ಬಳಸಬೇಕಿತ್ತು.

ಫಾರ್ವರ್ಡ್ ಮಾಡುವ ಮುನ್ನ

ಸಂದೇಶ ಯಾವ ಲಸಿಕೆಯ ಬಗ್ಗೆ ಹೇಳುತ್ತಿದೆ? ಬೇಡದ ವಸ್ತು ಎಷ್ಟು ಇದೆ ಎಂದು ಹೇಳಿದೆಯೇ? ಹೇಗೆ ಅಳೆದರು ಎಂದು ತಿಳಿಸಿದೆಯೇ? ಈ ಮೂರಕ್ಕೂ ಉತ್ತರವಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಕರ್ನಾಟಕದಲ್ಲಿ ಹೆಚ್ಚಿನವರು ಪಡೆದದ್ದು ಕೋವಿಶೀಲ್ಡ್ ಅಥವಾ ಕೋವ್ಯಾಕ್ಸಿನ್. ಮೊದಲನೆಯದರಲ್ಲಿ ಇರುವುದು ದೇಹದಲ್ಲಿ ವೃದ್ಧಿಯಾಗದಂತೆ ಮಾರ್ಪಡಿಸಿದ ಬೇರೊಂದು ವೈರಸ್, ಎರಡನೆಯದರಲ್ಲಿ ನಿಷ್ಕ್ರಿಯಗೊಳಿಸಿದ ಕೊರೊನಾ ವೈರಸ್. ಎರಡೂ ಪ್ಲಾಸ್ಮಿಡ್ ಲಸಿಕೆಗಳಲ್ಲ. ಅನುಮಾನವಿದ್ದರೆ ನಿಮ್ಮ ಕೋವಿನ್ ಪ್ರಮಾಣಪತ್ರ ತೆರೆದು ನೋಡಿ, ಪಡೆದ ಲಸಿಕೆಯ ಹೆಸರು ಅದರಲ್ಲೇ ಇದೆ.